ಮಂತ್ರದಂಡದ ಖರ್ಚು ಯಾರ ಖಾತೆಗೆ?

ಸಭಿಕರೇ,

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಪಾತ್ರಾಭಿನಯದ ಆಟದಲ್ಲಿ ಮಂತ್ರದಂಡವೊಂದು ಬೆಂಕಿಯುಂಡೆ ಉಗುಳಿದಾಗ, ಅದಕ್ಕೆ ತಗುಲಿದ ಶಕ್ತಿಯನ್ನು ದಂಡದ ಖಾತೆಗೆ ಬರೆಯಬೇಕೋ, ಹಿಡಿದವನ ಖಾತೆಗೋ, ಕಾಲದ ಖಾತೆಗೋ? ಮಾಂತ್ರಿಕ ವಸ್ತುಗಳನ್ನು ಕುರಿತ ತಕರಾರುಗಳಲ್ಲಿ ಹೆಚ್ಚಿನವು ಈ ಮೂರು ಖಾತೆಗಳನ್ನು ಬೆರೆಸಿಕೊಂಡದ್ದರಿಂದಲೇ ಹುಟ್ಟುತ್ತವೆ ಎಂಬುದು ನನ್ನ ವಾದ.

ಹಳೆಯ ನಿಯಮಗಳಲ್ಲಿ ಗೊಂದಲ ಕಡಿಮೆ. ಆಟ ನಡೆಸಿಕೊಡುವ ನಿರ್ವಾಹಕರಿಗಾಗಿ ಬಂದ 1979ರ ಕೈಪಿಡಿಯಲ್ಲಿ ಹೊಸದಾಗಿ ದೊರೆತ ದಂಡಕ್ಕೆ 81ರಿಂದ 100 ಚಾರ್ಜ್‌ಗಳು, ಅಂದರೆ ಬಳಸಿದಂತೆ ಖರ್ಚಾಗುವ ಶಕ್ತಿಯ ಪಾಲುಗಳು, ಇದ್ದವು. 2000ದ ಮೂರನೆಯ ಆವೃತ್ತಿ ಅದನ್ನು 50ಕ್ಕೆ ನಿಗದಿಗೊಳಿಸಿತು. ಮುಗಿದರೆ ಮುಗಿಯಿತು. ಮೊದಲ ಮಟ್ಟದ ಮಂತ್ರದ ದಂಡ 750 ಚಿನ್ನದ ನಾಣ್ಯಗಳಿಗೆ ಸಿಗುತ್ತಿದ್ದುದರಿಂದ ಪ್ರಯೋಗವೊಂದಕ್ಕೆ 15 ನಾಣ್ಯ ಬೀಳುತ್ತಿತ್ತು. ಗಾಯ ಮಾಯಿಸುವ ದಂಡಗಳನ್ನು ಆಟಗಾರರು ಸಂತೆಯ ಸಾಮಾನಿನಂತೆ ಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

2014ರ ಐದನೆಯ ಆವೃತ್ತಿ ಕಾಲವನ್ನು ಲೆಕ್ಕಕ್ಕೆ ತಂದಿತು. ಬೆಂಕಿಯುಂಡೆಯ ದಂಡಕ್ಕೆ 7 ಚಾರ್ಜ್‌ಗಳು; ಖರ್ಚಾದವುಗಳಲ್ಲಿ ಆರು ಮುಖದ ದಾಳದಲ್ಲಿ ಬಿದ್ದ ಸಂಖ್ಯೆಗೆ ಒಂದು ಕೂಡಿಸಿದಷ್ಟು ಪ್ರತಿ ಅರುಣೋದಯಕ್ಕೆ ಮರಳುತ್ತವೆ. ಕೊನೆಯ ಚಾರ್ಜನ್ನು ಬಳಸಿದರೆ 20 ಮುಖದ ದಾಳ ಉರುಳಿಸಬೇಕು. 1 ಬಿದ್ದರೆ ದಂಡ ಬೂದಿಯಾಗುತ್ತದೆ. ಹೀಗಾಗಿ ಜಾಣ ಆಟಗಾರನ ಪಾಲಿಗೆ ಏಳೆಂದರೆ ಆರೇ. ಈ ನಿಯಮದ ಸೊಗಸು ಇರುವುದು ಇಲ್ಲಿಯೇ ಎಂದು ನನಗನಿಸುತ್ತದೆ, ಏಕೆಂದರೆ ಪ್ರಾಣಕ್ಕೆ ಬಂದ ಗಳಿಗೆಯಲ್ಲಿ ಆ ಏಳನೆಯದನ್ನು ಮುಟ್ಟಬೇಕೇ ಬೇಡವೇ ಎಂಬ ನಿರ್ಧಾರವನ್ನು ಅದು ಆಟಗಾರನಿಗೇ ಬಿಡುತ್ತದೆ.

ಇಂಥ ವಸ್ತುವಿನಿಂದ ಮಂತ್ರ ಪ್ರಯೋಗಿಸಿದಾಗ ಮಾಂತ್ರಿಕನ ಸ್ಪೆಲ್ ಸ್ಲಾಟ್, ಅಂದರೆ ಇಷ್ಟೇ ಎಂದು ಮಿತಿಯಿರುವ ಅವನ ಸ್ವಂತ ಮಂತ್ರಪ್ರಯೋಗದ ಅವಕಾಶ, ಖರ್ಚಾಗುವುದಿಲ್ಲ. ಹಾಗಾದರೆ ತನ್ನಲ್ಲಿ ಉಳಿದ ಸ್ಲಾಟನ್ನು ಅವನು ದಂಡಕ್ಕೆ ತುಂಬಬಹುದೇ? ಅದಕ್ಕೆ ಅನುಮತಿ ಕೊಡುವ ಸಾಲು ದಂಡದ ವಿವರಣೆಯಲ್ಲಿಲ್ಲ. ಒಂದು ಗಂಟೆಯ ವಿಶ್ರಾಂತಿಯಲ್ಲಿ ವಸ್ತುವಿನೊಡನೆ ಬೆಸೆದುಕೊಳ್ಳುವ ಅಟ್ಯೂನ್‌ಮೆಂಟ್ ಕೂಡ ಇಂಧನವಲ್ಲ, ಬರೀ ಹಕ್ಕು. ದಂಡ ಕೈ ಬದಲಾಯಿಸಿದರೆ ಹೊಸಬನಿಗೆ ಸಿಗುವುದು ಹಳಬ ಉಳಿಸಿದ್ದಷ್ಟೇ.

ಸೂರ್ಯನೇ ಕಾಣದ ಪಾತಾಳದಲ್ಲಿ ಅರುಣೋದಯ ಯಾವಾಗ ಎಂಬ ಪ್ರಶ್ನೆಯೂ ಏಳುತ್ತದೆ. ಚೀಲದೊಳಗಿನ ದಂಡವೂ ತುಂಬಿಕೊಳ್ಳುವುದರಿಂದ ಬಿಸಿಲು ಇಲ್ಲಿ ಇಂಧನವಲ್ಲ, ಬರೀ ಮುಹೂರ್ತ. ನಿರ್ವಾಹಕರು 24 ಗಂಟೆಗೊಮ್ಮೆ ಒಂದು ಗಳಿಗೆಯನ್ನು ಗೊತ್ತುಮಾಡಿದರೆ ಸಾಕು. ಇದಕ್ಕಿಂತ ತೊಡಕಿನದು ಮಂತ್ರನಿರೋಧಕ ವಲಯ. ಹೆಚ್ಚೆಂದರೆ ಒಂದು ಗಂಟೆ ನಿಲ್ಲುವ ಆ ವಲಯದೊಳಗೆ ಮಾಂತ್ರಿಕ ವಸ್ತುಗಳ ಗುಣಗಳೆಲ್ಲ ಅಡಗಿರುತ್ತವೆ. ಅರುಣೋದಯ ಸರಿಯಾಗಿ ಆ ಗಂಟೆಯಲ್ಲೇ ಬಂದರೆ? ಚಾರ್ಜ್ ಮರಳುವುದೂ ವಸ್ತುವಿನ ಗುಣವೇ ಆದ್ದರಿಂದ ಅಂದಿನ ಪಾಲು ತಪ್ಪಿತೆಂದೇ ನಾನು ತೀರ್ಪು ಕೊಡುತ್ತೇನೆ. ವಲಯ ಕರಗಿದ ಮೇಲೆ ಬಾಕಿ ವಸೂಲಿಗೆ ಅವಕಾಶವಿಲ್ಲ, ಏಕೆಂದರೆ ನಿಯಮ ಹೇಳುವುದು ಅರುಣೋದಯಕ್ಕೆ ಎಂದು, ದಿನದಲ್ಲಿ ಯಾವಾಗಲಾದರೊಮ್ಮೆ ಎಂದಲ್ಲ.

ಪಾಥ್‌ಫೈಂಡರ್ ಎಂಬ ಇದೇ ಬಗೆಯ ಇನ್ನೊಂದು ಆಟ ಬೇರೆ ದಾರಿ ಹಿಡಿಯಿತು. 2009ರ ಅದರ ಮೊದಲ ಆವೃತ್ತಿಯ ಮಂತ್ರಯಷ್ಟಿಯಲ್ಲಿ, ಅಂದರೆ ಮಂತ್ರಗಳನ್ನು ಹೊತ್ತ ಉದ್ದ ಕೋಲಿನಲ್ಲಿ, ಗರಿಷ್ಠ 10 ಚಾರ್ಜ್. ಅದಕ್ಕೆ ದಿನಕ್ಕೊಂದು ಚಾರ್ಜ್ ತುಂಬಲು, ಅದರಲ್ಲಿರುವ ಅತ್ಯುನ್ನತ ಮಂತ್ರದ ಮಟ್ಟದ ಸ್ಲಾಟೊಂದನ್ನು ಮಾಂತ್ರಿಕ ಬೆಳಗ್ಗೆಯೇ ಬಿಟ್ಟುಕೊಡಬೇಕು. 2018ರ ಪರೀಕ್ಷಾ ಆವೃತ್ತಿಯಂತೂ ಮದ್ದಿನ ಬುಡ್ಡಿ ಕುಡಿಯುವುದಕ್ಕೂ ಕುಡಿದವನಿಂದಲೇ ‘ರೆಸೊನನ್ಸ್’ ಅಂಕ, ಅಂದರೆ ಮಾಂತ್ರಿಕ ವಸ್ತು ಬಳಸಲು ತೆರಬೇಕಾದ ಅವನದೇ ಅಂಕ, ಕೇಳಿತು. ಆಟಗಾರರ ವಿರೋಧದ ನಂತರ ಆ ವ್ಯವಸ್ಥೆಯನ್ನು ಕೈಬಿಡಲಾಯಿತು. 2019ರ ಎರಡನೆಯ ಆವೃತ್ತಿಯಲ್ಲಿ ದಂಡ ದಿನಕ್ಕೊಮ್ಮೆ ಮಾತ್ರ ಕೆಲಸ ಮಾಡುತ್ತದೆ. ಹಟ ಹಿಡಿದು ಎರಡನೆಯ ಸಲ ಪ್ರಯೋಗಿಸಿದರೆ ಮಂತ್ರವೇನೋ ಫಲಿಸುತ್ತದೆ, ಆದರೆ ದಾಳದಲ್ಲಿ 10 ಅಥವಾ ಹೆಚ್ಚು ಬಿದ್ದರೆ ದಂಡ ಮುರಿಯುತ್ತದೆ, ಕಡಿಮೆ ಬಿದ್ದರೆ ನಾಶವಾಗುತ್ತದೆ. ಮುರಿದದ್ದನ್ನು ಅಂದೇ ದುರಸ್ತಿ ಮಾಡಿಸಿ ಮೂರನೆಯ ಸಲ ಎತ್ತುವವರು ಇದ್ದೇ ಇರುತ್ತಾರೆಂದು ನಿಯಮ ಬರೆದವರಿಗೆ ಗೊತ್ತಿತ್ತು: ಆಗ ದಾಳವೂ ಇಲ್ಲ, ಮಂತ್ರವೂ ಇಲ್ಲ, ದಂಡ ನೇರವಾಗಿ ನಾಶ.