ಮುಲಾವರ್ಮನ್ ಎಂಬ ಊರು

ಕೇಳುಗರಿಗೆ ನಮಸ್ಕಾರ.

ಹಡಗಿಗೆ ಕಲ್ಲಿದ್ದಲು ತುಂಬಿದ ಮೇಲೆ ನಮಗೊಂದು ಕೆಲಸ ತಪ್ಪುವುದಿಲ್ಲ. ದಿನಾ ಅದಕ್ಕೆ ಜ್ವರ ನೋಡಬೇಕು. ತಮಾಷೆಗೆ ಹೇಳುತ್ತಿಲ್ಲ. ಪ್ರತಿ ಹೋಲ್ಡಿಗೂ, ಅಂದರೆ ಸರಕು ತುಂಬುವ ಕೋಣೆಗೂ, ಡೆಕ್ಕಿನಿಂದ ಒಂದು ಸಣ್ಣ ಕೊಳವೆ ಇಳಿದಿರುತ್ತದೆ. ದಾರ ಕಟ್ಟಿದ ಥರ್ಮಾಮೀಟರನ್ನು ಅದರೊಳಗೆ ಬಿಟ್ಟು, ಒಂದಿಷ್ಟು ಹೊತ್ತು ಕಾದು, ಎಳೆದು ಓದಿ, ಪುಸ್ತಕದಲ್ಲಿ ಬರೆಯಬೇಕು. ಕಲ್ಲಿದ್ದಲು ಸುಮ್ನೆ ಬಿದ್ದಿರುವ ಕಲ್ಲಲ್ಲ. ಗಾಳಿ ತಾಗಿದರೆ ತಾನಾಗಿ ಬಿಸಿಯಾಗುತ್ತದೆ. ಇಂಡೋನೇಷ್ಯಾದ ಎಳೆಯ ಕಲ್ಲಿದ್ದಲಿಗೆ ಈ ಗುಣ ಇನ್ನೂ ಜಾಸ್ತಿ. ತುಂಬುವಾಗಲೇ 55 ಡಿಗ್ರಿ ದಾಟಿದ್ದರೆ ಅದನ್ನು ಹಡಗಿಗೆ ಹಾಕಿಕೊಳ್ಳಬಾರದು ಎಂದು ನಿಯಮವೇ ಇದೆ.

ನಾನು ಇಪ್ಪತ್ತೆರಡು ವರ್ಷ ಹಡಗಿನಲ್ಲಿದ್ದವನು. ಕೊನೆಗೆ ಬೋಸನ್ ಆಗಿ ನಿವೃತ್ತನಾದೆ. ಬೋಸನ್ ಅಂದರೆ ಡೆಕ್ಕಿನ ಮೇಸ್ತ್ರಿ ಅಂದುಕೊಳ್ಳಿ. ಇಂಡೋನೇಷ್ಯಾಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಆ ನೆಲ ಮೆಟ್ಟಿದ್ದು ಕಡಿಮೆ. ಯಾಕೆಂದರೆ ಬೋರ್ನಿಯೋ ದ್ವೀಪದ ಪೂರ್ವ ಕಾಲಿಮಂತಾನಿನಲ್ಲಿ ಕಲ್ಲಿದ್ದಲು ತುಂಬುವ ದೊಡ್ಡ ಹಡಗುಗಳು ಧಕ್ಕೆಗೆ ಹೋಗುವುದೇ ಇಲ್ಲ. ಮಹಾಕಮ್ ನದಿ ಕಡಲಿಗೆ ಸೇರುವ ಕಡೆ, ಮುವಾರಾ ಬೆರಾವು ಎಂಬಲ್ಲಿ, ನೀರಿನಲ್ಲೇ ಲಂಗರು ಹಾಕಿ ನಿಲ್ಲುತ್ತೇವೆ. ನದಿಯಿಂದ ಬಾರ್ಜುಗಳು, ಅಂದರೆ ಚಪ್ಪಟೆ ತಳದ ಸರಕುದೋಣಿಗಳು, ಬರುತ್ತವೆ. ಅವರ ಬಾಯಲ್ಲಿ ಅದು ಪೊಂಟೊನ್. ಮುಂದೆ ಒಂದು ಪುಟ್ಟ ಟಗ್ ಬೋಟು, ಹಿಂದೆ ಏಳೆಂಟು ಸಾವಿರ ಟನ್ನಿನ ಕಪ್ಪು ಗುಡ್ಡ. ತೇಲುವ ಕ್ರೇನು ಅದನ್ನು ಗೋರಿ ಗೋರಿ ನಮ್ಮ ಹೋಲ್ಡಿಗೆ ಸುರಿಯುತ್ತದೆ. ಏಳು ಬಾರ್ಜು ಖಾಲಿಯಾದರೆ ನಮ್ಮ ಹಡಗು ತುಂಬಿತು.

2014ರಲ್ಲಿ ಒಮ್ಮೆ ಮಾತ್ರ ನೆಲದ ಮೇಲಿಂದ ನೋಡುವ ಅವಕಾಶ ಸಿಕ್ಕಿತು. ನಾನು ಹತ್ತಬೇಕಿದ್ದ ಹಡಗು ತಡವಾಯಿತು. ಏಜೆಂಟ್ ನನ್ನನ್ನು ಸಮರಿಂದಾ ಪೇಟೆಯ ಒಂದು ಹೋಟೆಲಿನಲ್ಲಿ ಇಳಿಸಿ, ಮೂರು ದಿನ ಕಾಯಿರಿ ಅಂದ. ಮೊದಲ ದಿನ ನಿದ್ದೆ ಮಾಡಿದೆ. ಎರಡನೇ ದಿನ ನದಿ ದಂಡೆಯಲ್ಲಿ ಕೂತು ಪೊಂಟೊನ್ ಎಣಿಸಿದೆ. ಒಂದು ದಾಟುವಷ್ಟರಲ್ಲಿ ಇನ್ನೊಂದು. ಇಷ್ಟೂ ಎಲ್ಲಿಂದ ಬರುತ್ತದೆ ಅಂತ ಹೋಟೆಲಿನ ಡ್ರೈವರ್ ಹುಡುಗನನ್ನು ಕೇಳಿದೆ. ಅವನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ‘ನನ್ನ ಅಜ್ಜನ ಊರಿಂದಲೂ ಬರುತ್ತದೆ, ನೋಡ್ತೀರಾ?’ ಅಂದ. ಊರಿನ ಹೆಸರೇನು ಅಂದೆ.

‘ಮುಲಾವರ್ಮನ್.’

ನನಗೆ ತಕ್ಷಣ ಕಿವಿ ನೆಟ್ಟಗಾಯಿತು. ಮೂಲವರ್ಮ! ಇದು ನಮ್ಮ ಕಡೆಯ ಶಾಸನಗಳಲ್ಲಿ ಬರುವಂಥ ಹೆಸರಲ್ಲವಾ?

ಅದು ಶಾಸನದ ಹೆಸರೇ. ಮಹಾಕಮ್ ನದಿಯ ಮೇಲ್ಗಡೆ ಮುವಾರಾ ಕಮಾನ್ ಎಂಬ ಜಾಗವಿದೆ. ಅಲ್ಲಿ ಏಳು ಯೂಪಗಳು, ಅಂದರೆ ಯಜ್ಞದ ಕಲ್ಲುಕಂಬಗಳು, ಸಿಕ್ಕಿವೆ. ಈಗ ಅವು ಜಕಾರ್ತಾದ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿವೆ. ಭಾಷೆ ಸಂಸ್ಕೃತ, ಲಿಪಿ ದಕ್ಷಿಣ ಭಾರತದ್ದು. ಕಾಲ ಸುಮಾರು ಕ್ರಿ.ಶ. 400. ನಮ್ಮ ಹಲ್ಮಿಡಿ ಶಾಸನಕ್ಕಿಂತ ಒಂದೈವತ್ತು ವರ್ಷ ಹಿಂದಿನವು ಅನ್ನಬಹುದು. ಇಡೀ ಇಂಡೋನೇಷ್ಯಾದಲ್ಲಿ ಸಿಕ್ಕ ಅತಿ ಹಳೆಯ ಬರಹ ಇದು. ಕುಂಡುಂಗ ಅನ್ನುವವನ ಮಗ ಅಶ್ವವರ್ಮ, ಅಶ್ವವರ್ಮನ ಮಗ ಮೂಲವರ್ಮ. ನೋಡಿ, ಅಜ್ಜನ ಹೆಸರು ಅಲ್ಲಿಯ ಮಣ್ಣಿನದು, ಮಗ ಮೊಮ್ಮಗನ ಹೆಸರು ಸಂಸ್ಕೃತದ್ದು. ಎರಡು ತಲೆಮಾರಿನಲ್ಲಿ ಎಷ್ಟು ಬದಲಾಗಿರಬೇಕು! ಈ ಮೂಲವರ್ಮ ಬಹುಸುವರ್ಣಕ ಎಂಬ ಯಜ್ಞ ಮಾಡಿದ, ವಪ್ರಕೇಶ್ವರ ಎಂಬ ಪುಣ್ಯಕ್ಷೇತ್ರದಲ್ಲಿ ಬ್ರಾಹ್ಮಣರಿಗೆ 20,000 ಹಸು ದಾನ ಕೊಟ್ಟ ಎಂದು ಕಲ್ಲಿನ ಮೇಲಿದೆ. ಅಷ್ಟು ಹಸು ನಿಜಕ್ಕೂ ಇತ್ತೋ ಇಲ್ಲವೋ, ಶಾಸನದ ಲೆಕ್ಕ ಯಾವಾಗಲೂ ಸ್ವಲ್ಪ ಉದಾರ.

ಮರುದಿನ ಬೆಳಿಗ್ಗೆ ಹೊರಟೆವು. ಊರು ಇರುವುದು ತೆಂಗ್ಗಾರೊಂಗ್ ಸೆಬೆರಾಂಗ್ ಎಂಬ ತಾಲ್ಲೂಕಿನಲ್ಲಿ. ಸೆಬೆರಾಂಗ್ ಅಂದರೆ ಆಚೆ ದಡ. ನಮ್ಮಲ್ಲಿ ಹೊಳೆಯಾಚೆ ಅಂತ ಹೇಳುವುದಿಲ್ಲವೇ, ಹಾಗೆ. ಈಚೆ ದಡದ ತೆಂಗ್ಗಾರೊಂಗ್ ಪೇಟೆಗೂ ಆಚೆ ದಡಕ್ಕೂ ಒಂದು ತೂಗುಸೇತುವೆ ಇತ್ತು. 2001ರಲ್ಲಿ ಕಟ್ಟಿದ್ದು 2011ರ ನವೆಂಬರಿನಲ್ಲಿ ಬಿದ್ದೇ ಹೋಯಿತು. ನಾನು ಹೋದಾಗ ಹೊಸದು ಇನ್ನೂ ಆಗಿರಲಿಲ್ಲ. ಪುಣ್ಯಕ್ಕೆ ಸಮರಿಂದಾ ಕಡೆಯಿಂದ ಹೋದರೆ ಸೇತುವೆ ಬೇಕಾಗಿಲ್ಲ.

ಹುಡುಗನ ಅಜ್ಜನನ್ನು ‘ಎಂಬಾ’ ಅಂತ ಕರೆದೆ. ಹುಡುಗನೇ ಹೇಳಿಕೊಟ್ಟಿದ್ದು. ಜಾವಾ ಭಾಷೆಯಲ್ಲಿ ಅಜ್ಜನಿಗೂ ಅಜ್ಜಿಗೂ ಒಂದೇ ಮಾತು. ಹೌದು, ಜಾವಾ. ಊರು ಕಾಲಿಮಂತಾನಿನಲ್ಲಿ, ಹೆಸರು ಕುತಾಯ್ ಎಂಬ ಅಲ್ಲಿಯ ಹಳೆಯ ರಾಜ್ಯದ ರಾಜನದ್ದು, ಜನ ಮಾತ್ರ ಜಾವಾದವರು. ಜಾವಾ ದ್ವೀಪದಲ್ಲಿ ಜನ ಕಿಕ್ಕಿರಿದು ಹೋಗಿದ್ದರು. ಹಾಗಾಗಿ ಡಚ್ಚರ ಕಾಲದಿಂದಲೂ, ಅಧ್ಯಕ್ಷ ಸುಹಾರ್ತೋ ಕಾಲದಲ್ಲಂತೂ ದೊಡ್ಡ ಮಟ್ಟದಲ್ಲಿ, ಬಡ ಕುಟುಂಬಗಳನ್ನು ಬೇರೆ ದ್ವೀಪಗಳಿಗೆ ಸಾಗಿಸಿದರು. ಟ್ರಾನ್ಸ್‌ಮಿಗ್ರಾಸಿ ಅಂತ ಅದರ ಹೆಸರು. ಎಂಬಾ 1980ರ ದಶಕದ ಶುರುವಿನಲ್ಲಿ ಹೆಂಡತಿ, ಕೈಗೂಸು ಕಟ್ಟಿಕೊಂಡು ಹಡಗಿನಲ್ಲಿ ಬಂದವರು. ಸರ್ಕಾರ ಕೊಟ್ಟಿದ್ದು ಹಲಗೆ ಗೋಡೆಯ ಮನೆ, ಗುದ್ದಲಿ, ಮೊದಲ ಬೆಳೆ ಬರುವ ತನಕ ರೇಷನ್, ಮತ್ತೆ 2 ಹೆಕ್ಟೇರ್ ನೆಲ. ಕಾಲು ಹೆಕ್ಟೇರ್ ಮನೆ ಸುತ್ತ, ಮುಕ್ಕಾಲು ಒಂದು ಕಡೆ, ಇನ್ನೊಂದು ಹೆಕ್ಟೇರ್ ಮತ್ತೊಂದು ಕಡೆ. ಲಹಾನ್ ಅಂದರೆ ಜಮೀನು. ‘ಲಹಾನ್ ಒಂದು’, ‘ಲಹಾನ್ ಎರಡು’ ಅಂತ ಈಗಲೂ ಹಾಗೇ ಕರೆಯುತ್ತಾರೆ. ಪಕ್ಕದ ಊರುಗಳಿಗೂ ಜನರ ಬಾಯಲ್ಲಿ ನಂಬರೇ. ಬಾಲಿಯಿಂದ ಬಂದ ಹಿಂದೂಗಳಿರುವ ಕೆರ್ತಾ ಬುವಾನಾ ಈಗಲೂ ‘ಎಲ್ ನಾಲ್ಕು’.

ಕಾಡು ಕಡಿದರು. ಬದು ಹಾಕಿದರು. ಸಾವಾ ಮಾಡಿದರು, ಅಂದರೆ ನೀರು ನಿಲ್ಲುವ ಭತ್ತದ ಗದ್ದೆ. ಇಪ್ಪತ್ತು ವರ್ಷದಲ್ಲಿ ಆ ತಾಲ್ಲೂಕು ಜಿಲ್ಲೆಗೇ ಅಕ್ಕಿ ಕೊಡುವ ಕಣಜವಾಯಿತು. ಅಲ್ಲಿಗೆ ಮುಗಿದಿದ್ದರೆ ನಾನು ಈ ಮೈಕಿನ ಮುಂದೆ ಕೂರುತ್ತಿರಲಿಲ್ಲ.

1998ರಲ್ಲಿ ಸುಹಾರ್ತೋ ಬಿದ್ದ. 2001ರಿಂದ ಅಧಿಕಾರ ಜಿಲ್ಲೆಗಳಿಗೆ ಬಂತು. ಜಿಲ್ಲೆಯ ಮುಖ್ಯಸ್ಥನಿಗೆ ಬುಪಾತಿ ಅನ್ನುತ್ತಾರೆ. ಗಣಿ ಪರವಾನಗಿ ಬರೆಯುವ ಪೆನ್ನು ಬುಪಾತಿ ಕೈಗೆ ಸಿಕ್ಕಿತು. ಕಲ್ಲಿದ್ದಲಿನ ಬೆಲೆಯೂ ಆಗಲೇ ಏರಿತು, ಚೀನಾಕ್ಕೂ ಬೇಕು, ನಮಗೂ ಬೇಕು. ಪರವಾನಗಿ ಮಳೆಗಾಲದ ಅಣಬೆ ಹಾಗೆ ಎದ್ದವು. ಈ ಜಿಲ್ಲೆಯಲ್ಲಿ ಅಪ್ಪ ಬುಪಾತಿ ಆಗಿದ್ದ, ಆಮೇಲೆ ಮಗಳು. ಭ್ರಷ್ಟಾಚಾರದ ಕೇಸಿನಲ್ಲಿ ಅಪ್ಪನೂ ಜೈಲಿಗೆ ಹೋದ, 2018ರಲ್ಲಿ ಮಗಳಿಗೂ ಹತ್ತು ವರ್ಷ ಶಿಕ್ಷೆಯಾಯಿತು. ಪರವಾನಗಿ ಕೊಡುವ ಅಧಿಕಾರ ಈಗ ಜಕಾರ್ತಾಕ್ಕೆ ವಾಪಸ್ ಹೋಗಿದೆ. ಗುಂಡಿಗಳು ಇದ್ದಲ್ಲೇ ಇವೆ.

ಎಂಬಾ ಜಮೀನು ಹೇಗೆ ಹೋಯಿತು ಅಂತ ಕೇಳಿದೆ. ನಾನು ಯಾರೋ ಬಂದು ಕಿತ್ತುಕೊಂಡರು ಅನ್ನುತ್ತಾರೆ ಅಂದುಕೊಂಡಿದ್ದೆ. ಹಾಗೇನೂ ಅಲ್ಲ. ನೆಲದ ಪಟ್ಟಾ ರೈತನದ್ದು, ನೆಲದಡಿಯ ಖನಿಜ ಸರ್ಕಾರದ್ದು. ಅದು ನಮ್ಮಲ್ಲೂ ಹೆಚ್ಚುಕಡಿಮೆ ಹಾಗೇ. ಆದರೆ ಅವರು ಹೇಳಿದ್ದು ಬೇರೆ. ಮೊದಲು ಮೇಲಿನ ಗುಡ್ಡದವರು ಮಾರಿದರು. ಒಳ್ಳೆ ದುಡ್ಡು ಬಂತು, ಬೈಕು ಬಂತು, ಒಬ್ಬಿಬ್ಬರು ಮೆಕ್ಕಾಕ್ಕೆ ಹೋಗಿ ಬಂದರು. ಗುಡ್ಡ ಅಗೆದ ಮೇಲೆ ಕಾಲುವೆಗೆ ನೀರು ಬರಲಿಲ್ಲ. ಮಳೆ ಬಂದರೆ ನೀರಿನ ಬದಲು ಕೆಸರು ಬಂತು. ಒಂದು ಬೆಳೆ ಹೋಯಿತು, ಎರಡನೆಯದೂ ಹೋಯಿತು. ಆಮೇಲೆ ಪಕ್ಕದ ಗದ್ದೆಯವನು ಮಾರಿದ. ಬದುವಿನ ಆಚೆಗೆ ಮೂವತ್ತು ಮೀಟರ್ ಆಳದ ಹಳ್ಳ ಇರುವಾಗ ಇವರ ಗದ್ದೆಯಲ್ಲಿ ನೀರು ನಿಲ್ಲುತ್ತದಾ? ‘ನನ್ನನ್ನು ಯಾರೂ ಮಾರು ಅನ್ನಲಿಲ್ಲ’ ಅಂದರು ಎಂಬಾ. ‘ಮಾರದೆ ಇರೋದಕ್ಕೆ ಏನೂ ಉಳಿದಿರಲಿಲ್ಲ.’

ಮಗ ಈಗ ಗಣಿಯಲ್ಲಿ ಲಾರಿ ಡ್ರೈವರ್. ಸಂಬಳ ಚೆನ್ನಾಗಿದೆ. ಗದ್ದೆಯಲ್ಲಿ ಅಷ್ಟು ಯಾವತ್ತೂ ಸಿಗುತ್ತಿರಲಿಲ್ಲ ಅಂತ ಅವರೇ ಒಪ್ಪಿಕೊಂಡರು. ಮನೆಯಲ್ಲಿ ಟಿವಿ, ಫ್ರಿಜ್ಜು ಎರಡೂ ಇದ್ದವು. ಇದನ್ನು ಹೇಳದೆ ಬಿಟ್ಟರೆ ಮೋಸವಾಗುತ್ತದೆ. ಬಾವಿ ಮಾತ್ರ ಬತ್ತಿತ್ತು. ಅಡುಗೆಮನೆ ಮೂಲೆಯಲ್ಲಿ ದೊಡ್ಡ ಪ್ಲಾಸ್ಟಿಕ್ ಕ್ಯಾನಿನಲ್ಲಿ ಕೊಂಡು ತಂದ ನೀರು. ಎಂಬಾ ಹೆಂಡತಿ ನಮಗೆ ಊಟ ಹಾಕಿದರು. ಅನ್ನ, ಕರಿದ ತೆಂಪೆ, ಖಾರದ ಸಂಬಲ್. ತೆಂಪೆ ಸೋಯಾ ಕಾಳಿನದು, ನಮ್ಮ ನಾಲಿಗೆಗೆ ಏನೂ ತೊಂದರೆಯಿಲ್ಲ. ಅನ್ನ ಚೆನ್ನಾಗಿದೆ ಅಂದೆ. ಅಕ್ಕಿ ಸುರಬಾಯಾದಿಂದ ಹಡಗಿನಲ್ಲಿ ಬಂದದ್ದು ಅಂದರು. ಸುರಬಾಯಾ ಇರುವುದು ಜಾವಾದಲ್ಲಿ.

ಊಟದ ನಡುವೆ ಸೈರನ್ ಕೂಗಿತು. ಯಾರೂ ಏಳಲಿಲ್ಲ. ‘ಬ್ಲಾಸ್ಟಿಂಗ್’ ಅಂದ ಹುಡುಗ. ಸ್ವಲ್ಪ ಹೊತ್ತಿಗೆ ಕಾಲಡಿಯಿಂದ ಒಂದು ದೂಕು ಬಂತು. ಶಬ್ದ ಆಮೇಲೆ. ನೀರಿನ ಲೋಟ ನಡುಗಿತು. ಎಂಬಾ ಕೈ ತೊಳೆದು, ಕಿವಿಯ ಮೇಲೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದುಕೊಂಡು ಗೋಡೆ ಹತ್ತಿರ ಹೋದರು. ಕಿಟಕಿಯ ಮೂಲೆಯಿಂದ ನೆಲದ ತನಕ ಓರೆಯಾಗಿ ಒಂದು ಬಿರುಕು. ಅದರ ತುದಿಗೆ ಅಡ್ಡ ಗೆರೆ, ಗೆರೆಯ ಪಕ್ಕ ತಾರೀಕು. ಅದರ ಕೆಳಗೆ ಇನ್ನೊಂದು ಗೆರೆ, ಇನ್ನೊಂದು ತಾರೀಕು. ಹೀಗೆ ನೆಲದವರೆಗೂ. ನಾವು ಮಕ್ಕಳ ಎತ್ತರ ಗೋಡೆ ಮೇಲೆ ಗುರುತು ಹಾಕುತ್ತೇವಲ್ಲ, ನೋಡಿದರೆ ಥೇಟ್ ಹಾಗೇ.

ವಾಪಸ್ ಬರುವಾಗ ಹುಡುಗ ಒಂದು ಹಳೆ ಗುಂಡಿ ತೋರಿಸಿದ. ಕಲ್ಲಿದ್ದಲು ಮುಗಿದ ಮೇಲೆ ಬಿಟ್ಟು ಹೋಗಿದ್ದು. ಮಳೆನೀರು ತುಂಬಿ ಕೆರೆಯ ಹಾಗಾಗಿದೆ. ಬಣ್ಣ ಪಚ್ಚೆಯ ಹಾಗೆ. ಸುಂದರ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಕೆರೆ ಅಂದರೆ ದಡ ಇಳಿಜಾರಾಗಿರುತ್ತದೆ. ಇಲ್ಲಿ ದಡವೇ ಇಲ್ಲ, ಕಾಲಿಟ್ಟರೆ ನೇರ ಆಳ. ಮಣ್ಣು ಜಾರುತ್ತದೆ, ಹಿಡಿದುಕೊಳ್ಳಲು ಬೇರಿಲ್ಲ. ಈಜಲು ಇಳಿದ ಮಕ್ಕಳು ಮೇಲೆ ಬರಲಾಗುವುದಿಲ್ಲ. 2011ರಿಂದ ಈಚೆಗೆ ಪೂರ್ವ ಕಾಲಿಮಂತಾನಿನ ಇಂಥ ಗುಂಡಿಗಳಲ್ಲಿ ಸತ್ತವರು ನಲವತ್ತಕ್ಕೂ ಹೆಚ್ಚು ಅಂತ ಅಲ್ಲಿಯ ಪರಿಸರ ಸಂಘಟನೆಗಳ ಲೆಕ್ಕ. ಬಹುಪಾಲು ಮಕ್ಕಳೇ. ಗಣಿಯ ಅಂಚಿಗೂ ಮನೆಗಳಿಗೂ ಕನಿಷ್ಠ 500 ಮೀಟರ್ ಇರಬೇಕು ಅಂತ 2012ರ ನಿಯಮ ಹೇಳುತ್ತದೆ. ಗುಂಡಿ ಮುಚ್ಚಿ ಗಿಡ ನೆಡಬೇಕು ಅಂತ ಕಾನೂನೂ ಇದೆ. ನಾನು ನಿಂತಲ್ಲಿಂದ ಹತ್ತಿರದ ಮನೆಯ ಒಗೆದ ಬಟ್ಟೆಯ ಬಣ್ಣ ಕಾಣಿಸುತ್ತಿತ್ತು.

ಊರಿನವರ ಬೇಡಿಕೆ ಏನು ಗೊತ್ತಾ? ಗಣಿ ನಿಲ್ಲಿಸಿ ಅಂತಲ್ಲ. ಅದು ಕೇಳಿ ಸಾಕಾಗಿದೆ. ನಮ್ಮ ಇಡೀ ಊರನ್ನೇ ಬೇರೆ ಕಡೆ ಸಾಗಿಸಿ, ಅನ್ನುತ್ತಾರೆ. ಒಮ್ಮೆ ಸರ್ಕಾರ ಸಾಗಿಸಿ ತಂದ ಊರು, ಇನ್ನೊಮ್ಮೆ ಸಾಗಿಸಿ ಅಂತ ಸರ್ಕಾರವನ್ನೇ ಕೇಳುತ್ತಿದೆ. ಹೊರಡುವ ಮೊದಲು ನಾನು ಎಂಬಾ ಹತ್ತಿರ ಪೆದ್ದುಪೆದ್ದಾಗಿ ಒಂದು ಪ್ರಶ್ನೆ ಕೇಳಿದ್ದೆ. ಹೋದರೆ ಮುಲಾವರ್ಮನ್ ಅನ್ನುವ ಹೆಸರನ್ನೂ ಜೊತೆಗೆ ಒಯ್ಯುತ್ತೀರಾ ಅಂತ. ಅವರು ನಕ್ಕುಬಿಟ್ಟರು. ‘ಹೆಸರು ಸರ್ಕಾರದ್ದು. ಕಲ್ಲಿದ್ದಲೂ ಸರ್ಕಾರದ್ದು. ಬಾವಿ ನಾನು ತೋಡಿದ್ದು. ಅದನ್ನ ಹೇಗೆ ಹೊತ್ತುಕೊಂಡು ಹೋಗೋದು?’

ನಮ್ಮ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವಾಟಿನ ವಿದ್ಯುತ್ ಸ್ಥಾವರ ಇದೆ. ಅದು ಉರಿಸುವುದು ಹೊರದೇಶದ ಕಲ್ಲಿದ್ದಲು, ನವಮಂಗಳೂರು ಬಂದರಿನಲ್ಲಿ ಇಳಿದು ರೈಲಿನಲ್ಲಿ ಹೋಗುತ್ತದೆ. ಯಾವ ಬಾರ್ಜಿನ ಕಲ್ಲಿದ್ದಲು ಯಾವ ಊರಿನದು ಅಂತ ಹೇಳಲು ಬರುವುದಿಲ್ಲ. ಬೇರೆ ಬೇರೆ ಗಣಿಯದ್ದನ್ನು ಬೆರೆಸಿಯೇ ತುಂಬುತ್ತಾರೆ. ನೀವು ಈ ರೇಡಿಯೋ ಹಚ್ಚಿದ ಕರೆಂಟು ಎಲ್ಲಿಂದ ಬಂತೋ, ಅದನ್ನೂ ನಾನು ಹೇಳಲಾರೆ.

ನಾಲ್ಕನೇ ದಿನ ಹಡಗು ಹತ್ತಿದೆ. ಏಳು ಬಾರ್ಜು ಬಂದವು, ಹೋದವು. ಹೋಲ್ಡಿನ ಬಾಯಿ ಮುಚ್ಚಿದೆವು. ಮಂಗಳೂರಿಗೆ ಹತ್ತು ಹನ್ನೊಂದು ದಿನದ ದಾರಿ. ಮರುದಿನ ಬೆಳಿಗ್ಗೆ ಮೂರನೇ ಹೋಲ್ಡಿನ ಕೊಳವೆಗೆ ಥರ್ಮಾಮೀಟರ್ ಇಳಿಸಿದೆ. ಎಳೆದು ನೋಡಿದರೆ 43. ಅದರ ಮರುದಿನ 44. ಪೆನ್ಸಿಲಿನಲ್ಲಿ ತಾರೀಕು ಹಾಕಿ ಬರೆದೆ.

ನಮಸ್ಕಾರ.