ಹೊಸ ಸಾಧನ ಬಂತು, ಶೇರು ಯಾಕೆ ಇಳಿಯಿತು?

ಕೇಳುಗರೆಲ್ಲರಿಗೂ ನಮಸ್ಕಾರ.

ಕಲಬುರಗಿಯ ನೆಹರು ಗಂಜಿನಲ್ಲಿ ಈಗೀಗ ತೊಗರಿ ಧಾರಣೆಯ ಜೊತೆಗೆ ಟೆಕ್ ಕಂಪನಿಗಳ ಶೇರಿನ ಮಾತೂ ಕಿವಿಗೆ ಬೀಳುತ್ತೆ. ಮಧ್ಯಾಹ್ನ ಅಡತಿ ಅಂಗಡಿಯ ಗಾದಿಯ ಮೇಲೆ ಚಹಾ ಬಂದಿರುತ್ತೆ. ಲೆಕ್ಕ ಬರೆಯುವ ಹುಡುಗ ಮೊಬೈಲ್ ಮುಂದೆ ಹಿಡಿದು, "ಕಾಕಾ, ಆ್ಯಪಲ್‌ನವರು ಹೊಸಾ ಫೋನ್ ಬಿಡ್ಲತ್ತಾರ‍್ರಿ. ಶೇರ್ ಏರ್ತದ, ಈಗೇ ತಗೋರಿ" ಅಂತಾನೆ. ಕಾಕಾ ಕೇಳುತ್ತಾರೆ: "ಏರ್ತದಂತ ನಿನಗ ಗೊತ್ತದ, ನನಗ ಗೊತ್ತದ, ಊರಿಗೆಲ್ಲ ಗೊತ್ತದ. ಹಂಗಿದ್ರ ಇಷ್ಟೊತ್ತಿಗೇ ಏರಿರಬೇಕಲ್ಲೋ?"

ಬಹಳ ಸರಿಯಾದ ಪ್ರಶ್ನೆ ಅದು. ಶೇರು ಕೊಳ್ಳುವ ಪ್ರತಿಯೊಬ್ಬರೂ ಇದನ್ನು ಕೇಳಿಕೊಳ್ಳಲೇಬೇಕು ಅಂತ ನನ್ನ ನಂಬಿಕೆ.

ಗಂಜಿನವರಿಗೆ ಇದು ಬೇಗ ಹೊಳೆಯುತ್ತೆ, ಕಾರಣವೂ ಇದೆ. ತೊಗರಿ ಚೀಲ ಬರುವುದು ಡಿಸೆಂಬರ್, ಜನವರಿಯಲ್ಲಿ. ಆದರೆ ಹೂ ಬಿಡುವ ಹೊತ್ತಿಗೆ ಮಂಜು ಬಿದ್ದರೆ ಧಾರಣೆ ಆಗಲೇ ಅಲುಗಾಡುತ್ತೆ. ಮ್ಯಾನ್ಮಾರ್‌ನಿಂದಲೋ ಮೊಜಾಂಬಿಕ್‌ನಿಂದಲೋ ಮಾಲು ಬರುತ್ತೆ ಅನ್ನೋ ಸುದ್ದಿ ಸಿಕ್ಕರೆ, ಹಡಗು ಬಂದರು ಮುಟ್ಟುವ ಮೊದಲೇ ಇಳಿಯುತ್ತೆ. ಶೇರು ಪೇಟೆಯೂ ಹಾಗೇ. ಅಲ್ಲಿ ಇವತ್ತಿನ ಬೆಲೆಯಲ್ಲಿ ನಾಳೆಯ ನಿರೀಕ್ಷೆ ಸೇರಿರುತ್ತೆ.

ಆ್ಯಪಲ್ಲನ್ನೇ ನೋಡಿ. 2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಮೊದಲ ಐಫೋನ್ ತೋರಿಸಿದರು. ಅವತ್ತು ಶೇರು ಸುಮಾರು ಶೇ 8 ಏರಿತು. ಕಂಪ್ಯೂಟರ್, ಐಪಾಡ್ ಮಾರುತ್ತಿದ್ದ ಕಂಪನಿ ಫೋನಿನ ವ್ಯಾಪಾರಕ್ಕೆ ಇಳಿದಿತ್ತು. ಜನ ಎಣಿಸಿದ್ದಕ್ಕಿಂತ ದೊಡ್ಡ ಸರಕು ಕಣ್ಣೆದುರು ಬಂದಿತ್ತು. 2023ರ ಜೂನ್ 5ರಂದು ಅದೇ ಕಂಪನಿ ಕಣ್ಣಿಗೆ ಕಟ್ಟಿಕೊಳ್ಳುವ ವಿಷನ್ ಪ್ರೊ ತೋರಿಸಿತು. ಶೇರು ಬೆಳಗ್ಗೆ ಅಲ್ಲಿಯವರೆಗಿನ ದಾಖಲೆ ಎತ್ತರಕ್ಕೆ ಹೋಯಿತು. ಸಂಜೆ ಪೇಟೆ ಮುಚ್ಚುವಾಗ ಹಿಂದಿನ ವಹಿವಾಟಿಗಿಂತ ಕೆಳಗೇ ನಿಂತಿತ್ತು. ಸಾಧನ ಕೆಟ್ಟದ್ದು ಅಂತಲ್ಲ. ಅದರ ಬೆಲೆ 3,499 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 2.9 ಲಕ್ಷ ರೂಪಾಯಿ. ಕೈಗೆ ಸಿಗುವುದು ಮುಂದಿನ ವರ್ಷ. 2023ರಲ್ಲಿ ಆ್ಯಪಲ್ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಐಫೋನಿನಿಂದಲೇ ಬಂದಿತ್ತು. ಅಷ್ಟು ದೊಡ್ಡ ವ್ಯಾಪಾರದ ಪಕ್ಕದಲ್ಲಿ ಈ ಹೊಸ ಸಾಧನ ಎಷ್ಟು ದುಡ್ಡು ತಂದೀತು? ಚರ್ಚೆ ಆಗಬೇಕಾದದ್ದು ಇದು. ಕ್ಯಾಮೆರಾ ಎಷ್ಟು ಚೆಂದ, ಬಣ್ಣ ಯಾವುದು ಅನ್ನುವುದು ಕೊಳ್ಳುವ ಗಿರಾಕಿಯ ಮಾತಾಯಿತು.

ಇನ್ನು ಅಂಕಿ ನೋಡಿ ಬೆರಗಾಗುವ ವಿಷಯ. "ಒಂದು ಶೇರು 500 ಡಾಲರ್ ಇದ್ದದ್ದು 130ರ ಹತ್ತಿರ ಬಂದಿದೆ, ಅಗ್ಗವಾಗಿದೆ" ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. 2020ರ ಆಗಸ್ಟ್ ಕೊನೆಗೆ ಆ್ಯಪಲ್ ಒಂದು ಶೇರನ್ನು ನಾಲ್ಕು ಮಾಡಿತು, ಒಂದೊಂದರ ಬೆಲೆಯೂ ಕಾಲು ಭಾಗಕ್ಕೆ ಬಂತು, ಅಷ್ಟೇ. ಶೇರುದಾರರ ಗಂಟು ಕರಗಲಿಲ್ಲ. ಒಂದು ಶೇರಿಗೆ ಕಂಪನಿ ಎಷ್ಟು ಲಾಭ ಗಳಿಸುತ್ತೆ, ಆ ಲಾಭದ ಎಷ್ಟು ಪಟ್ಟು ಬೆಲೆ ನಾವು ಕೊಡ್ತಾ ಇದ್ದೀವಿ, ಅದನ್ನು ನೋಡಬೇಕು.

ನಮ್ಮ ರಾಜ್ಯದ ಇನ್ಫೋಸಿಸ್ ಕಥೆಯಂತೂ ಮರೆಯಬಾರದು. 2013ರ ಏಪ್ರಿಲ್ 12ರಂದು, ಮೂರು ತಿಂಗಳ ಲಾಭ-ನಷ್ಟದ ಲೆಕ್ಕ ಅಂದರೆ ಫಲಿತಾಂಶ ಹೊರಬಿದ್ದ ದಿನ, ಅದರ ಶೇರು ಒಂದೇ ದಿನ ಸುಮಾರು ಶೇ 21 ಬಿತ್ತು. ಕಂಪನಿಗೆ ನಷ್ಟ ಆಗಿತ್ತಾ? ಇಲ್ಲ, ಲಾಭವೇ ಬಂದಿತ್ತು. ಮುಂದಿನ ವರ್ಷ ಆದಾಯ ಶೇ 6ರಿಂದ 10 ಬೆಳೆಯಬಹುದು ಅಂತ ಕಂಪನಿ ಹೇಳಿತು. ಪೇಟೆ ಅದಕ್ಕಿಂತ ಜಾಸ್ತಿ ಎಣಿಸಿ ಕೂತಿತ್ತು. ಹಿಂದಿನ ದಿನ 1 ಲಕ್ಷದ ಶೇರು ಇದ್ದವರ ಕೈಯಲ್ಲಿ ಅವತ್ತು ಸಂಜೆಗೆ 79 ಸಾವಿರ.

ಅದಕ್ಕೇ ಫಲಿತಾಂಶದ ದಿನ ಆಪ್ಷನ್ಸ್‌ನಲ್ಲಿ (ಶೇರಿನ ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅನ್ನೋದರ ಮೇಲಿನ ಕರಾರಿನಲ್ಲಿ) ದುಡ್ಡು ಕಟ್ಟುವ ನಮ್ಮ ಕಡೆಯ ಹುಡುಗರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತೆ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಇಂಥ ಕರಾರುಗಳಲ್ಲಿ, ಅಂದರೆ ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ಆಡಿದ ಸಾಮಾನ್ಯರಲ್ಲಿ ಶೇ 93 ಮಂದಿ ಕಳೆದುಕೊಂಡಿದ್ದಾರೆ ಅಂತ ಶೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ ಲೆಕ್ಕ ಹಾಕಿ ಹೇಳಿದೆ. ತಮ್ಮಂದಿರಾ, ಮನೆಯವರು ಮುಂಗಾರಿನ ಬೀಜ, ಗೊಬ್ಬರಕ್ಕೆ ತೆಗೆದಿಟ್ಟ ಹಣವನ್ನು ದಯವಿಟ್ಟು ಅಲ್ಲಿಗೆ ಒಯ್ಯಬೇಡಿ.

ಕಂಪನಿಯ ಬಗ್ಗೆ ತಿಳಿದೇ ಚರ್ಚೆ ಮಾಡಬೇಕು ಅನ್ನುವವರಿಗೆ ದಾರಿ ಸುಲಭ ಇದೆ. ಇನ್ಫೋಸಿಸ್, ಟಿಸಿಎಸ್‌ನಂಥ ಕಂಪನಿಗಳ ಫಲಿತಾಂಶ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಬರುತ್ತೆ. ಶೇರು ವಿನಿಮಯ ಕೇಂದ್ರಗಳಾದ ಎನ್‌ಎಸ್‌ಇ, ಬಿಎಸ್‌ಇ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. ಫಲಿತಾಂಶದ ನಂತರ ವಿಶ್ಲೇಷಕರು ಕಂಪನಿಯ ಮುಖ್ಯಸ್ಥರಿಗೆ ಕೇಳುವ ಪ್ರಶ್ನೆ, ಅವರು ಕೊಡುವ ಉತ್ತರ ಬರಹದ ರೂಪದಲ್ಲಿ ಇರುತ್ತೆ. ಟಿಪ್ಸ್ ಕೊಡುವ ಗುಂಪಿಗೆ ಸೇರುವ ಬದಲು ಮೊದಲು ಅದನ್ನು ಓದಿ. ಇಂಗ್ಲಿಷ್ ತೊಡಕಾದರೆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂಡಿಸಿಕೊಳ್ಳಿ.

ನಮಸ್ಕಾರ.