ಐದು ಸಾಮಾನು ಹೇಳಿದ್ರ ಮೂರೇ ಯಾಕ ಬರ್ತಾವ?

[ಪರದೆ: ಕಿರಾಣಿ ಅಂಗಡಿ, ಕೈಚೀಲ ಹಿಡಿದ ಹುಡುಗ]

ಅವ್ವ ಐದು ಸಾಮಾನು ಹೇಳಿ ಅಂಗಡಿಗೆ ಕಳಸ್ತಾಳ. ಮನಿಗೆ ಬರೋದು ಮೂರು, ಮ್ಯಾಲ ಯಾರೂ ಹೇಳಲಾರದ ಒಂದು ಚಾಕ್ಲೇಟ್. ಉಳಿದ ಎರಡು ಎಲ್ಲಿ ಹೋದ್ವು?

ಮೊದಲ ನೆನಪಿನ ಜಾಗ ಎಷ್ಟು ಅನ್ನೋದು ಜಲ್ದಿ ಮುಗಸೂಣು. ಈಗಷ್ಟ ಕೇಳಿದ್ದು, ನೋಡಿದ್ದನ್ನ ಕೆಲವು ಸೆಕೆಂಡ್ ಹಿಡಕೊಳ್ಳೋದು ಅಲ್ಪಾವಧಿ ನೆನಪು. ಅದರಾಗ ಜಾಗ ಕಡಿಮಿ. 1956ರಾಗ ಜಾರ್ಜ್ ಮಿಲ್ಲರ್ ಅನ್ನೋ ಮನಶ್ಶಾಸ್ತ್ರಜ್ಞ ಒಂದ ಸಲಕ್ಕ ಸುಮಾರು 7 ಸಂಗತಿ ಹಿಡಸ್ತಾವ ಅಂದ. 2001ರಾಗ ನೆಲ್ಸನ್ ಕೋವನ್ ಅನ್ನೋ ಇನ್ನೊಬ್ಬ ಮನಶ್ಶಾಸ್ತ್ರಜ್ಞ, ಮನಸ್ಸಿನ್ಯಾಗ ಮತ್ತ ಮತ್ತ ಗುನುಗಲಾರದಂಗ ನೋಡಿದ್ರ 4ರ ಆಸುಪಾಸು ಅಷ್ಟ ಅಂದ. ಸಣ್ಣ ಮಕ್ಕಳಿಗೆ ಇನ್ನೂ ಕಡಿಮಿ.

ಆದ್ರ ಮಜಾ ಇರೋದು ಎಣಿಕಿಯೊಳಗ ಅಲ್ಲ, ಹೊತ್ತಿನೊಳಗ. 1974ರಾಗ ಅಲನ್ ಬ್ಯಾಡ್ಲಿ, ಗ್ರಹಾಂ ಹಿಚ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಕೊಟ್ಟ ಮಾದರಿ ಪ್ರಕಾರ, ತಲಿಯೊಳಗ ಮಾತು ಸುತ್ತೋ ಒಂದು ಲೂಪ್ ಐತಿ. ಗಂಗಾವತಿ ಬಸ್‌ಸ್ಟ್ಯಾಂಡಿನ ಕಂಡಕ್ಟರ್ ಇದ್ದಂಗ. "ಕಾರಟಗಿ, ಸಿಂಧನೂರು, ಕಾರಟಗಿ, ಸಿಂಧನೂರು" ಅಂತ ಕೂಗ್ತಿದ್ರ ಮಂದಿ ನಿಂದರ್ತಾರ. ರಾಯಚೂರು ತನಕ ಎಲ್ಲಾ ಊರೂ ಕೂಗಿ ಮತ್ತ ಕಾರಟಗಿಗೆ ಬರೋದ್ರಾಗ, ಕಾರಟಗಿ ಮಂದಿ ಟಂಟಂ ಹತ್ತಿ ಹೋಗಿರ್ತಾರ! ತಲಿಯೊಳಗಿನ ಸದ್ದೂ ಸುಮಾರು 2 ಸೆಕೆಂಡಿಗೆ ಮಾಸ್ತೈತಿ. ಅಷ್ಟರಾಗ ಒಂದು ಸುತ್ತು ಮುಗೀಲಿಲ್ಲಂದ್ರ ಮೊದಲಿಂದು ಜಾರ್ತು.

ಪರೀಕ್ಷೆ ಮಾಡ್ರಿ. ಬಾಯಿ ಮುಚ್ಚಿ ಓದ್ರಿ, ಆಮ್ಯಾಲ ನೋಡಲಾರದ ಬರೀರಿ.

[ಪರದೆ: ಉಪ್ಪು, ಬೆಲ್ಲ, ಅಕ್ಕಿ, ಬ್ಯಾಳಿ, ಎಣ್ಣಿ]

ಹತ್ತ ಅಕ್ಷರ. ಲೂಪಿನೊಳಗ ಆರಾಮ ಕುಂತ್ವು. ಈಗ ಇದು.

[ಪರದೆ: ಹಸಿಮೆಣಸಿನಕಾಯಿ, ಕೊತ್ತಂಬರಿಸೊಪ್ಪು, ಹುರಿಗಡಲೆ, ಕಡಲೆಹಿಟ್ಟು, ಸಾಬೂದಾಣಿ]

ಇವೂ ಐದ, ಆದ್ರ 28 ಅಕ್ಷರ. ಒಂದೆರಡು ಬಿಟ್ಟು ಹೋದ್ರ ತಲಿ ಕೆಟ್ಟೈತಿ ಅಂತಲ್ಲ, ಸುತ್ತು ಉದ್ದ ಆತು ಅಷ್ಟ.

ಮತ್ತೊಂದು ಸಲ. ಓದುವಾಗೂ, ಬರಿಯೋ ತನಕೂ "ಲ ಲ ಲ ಲ" ಅನಕೋತ ಇರ್ರಿ. ಈಗ ಸಣ್ಣ ಪಟ್ಟೀನೂ ಕೈ ಕೊಡ್ತೈತಿ. ಕಂಡಕ್ಟರನ ಬಾಯಿ ನೀವ ಕಟ್ಟಿದ್ರಿ! ದಾರ್ಯಾಗ ಗೆಳ್ಯಾ ಸಿಕ್ಕು "ಏ, ಮ್ಯಾಚ್ ಯಾರು ಗೆದ್ರು?" ಅಂದಾಗ ಆಗೋದೂ ಇದ. 1959ರಾಗ ಪೀಟರ್ಸನ್ ಅನ್ನೋ ಮನಶ್ಶಾಸ್ತ್ರಜ್ಞ ದಂಪತಿ ಮಂದಿಗೆ ಬರೇ ಮೂರು ಅಕ್ಷರ ಕೊಟ್ಟು, ಮೂರು ಮೂರು ಕಳಕೋತ ಉಲ್ಟಾ ಎಣಿಸಾಕ ಹಚ್ಚಿದ್ರು. 18 ಸೆಕೆಂಡಿಗೆ ಹತ್ತು ಸಲದಾಗ ಹೆಚ್ಚುಕಮ್ಮಿ ಒಂದ ಸಲ ಸರಿ ಬಂತು. ಮೂರು ಅಕ್ಷರ ರೀ, ಮೂರು!

ಸುಮಾರು 7 ವರ್ಷದೊಳಗಿನ ಮಕ್ಕಳು ತಾವಾಗಿ ಮನಸ್ಸಿನ್ಯಾಗ ಗುನುಗೋದ ಕಡಿಮಿ. ಅವರ ಕಂಡಕ್ಟರ್ ಇನ್ನೂ ಡ್ಯೂಟಿಗೆ ಬಂದಿಲ್ಲ. ಅಂಥವರಿಗೆ ಐದು ಸಾಮಾನು ಹೇಳಿ, ಬರದಿದ್ರ ಬೈಯೋದು ನ್ಯಾಯ ಅಲ್ಲ ಬಿಡ್ರಿ. ಎರಡು ಹೇಳ್ರಿ, ಬಾಯಿಬಿಟ್ಟು ಅನಕೋತ ಹೋಗು ಅನ್ರಿ.

ಟೈಮ್ ಆತು, ಉಳಿದದ್ದು ಓಡಸ್ತೀನಿ. ಕಲ್ಲು, ಹಲ್ಲು, ಬಿಲ್ಲು, ಗಲ್ಲು ಅಂಥ ಒಂದ ಥರದ ಸದ್ದು ಒಂದಕ್ಕೊಂದು ಕಲಸ್ತಾವ. ನೋಡಿದ್ದಕ್ಕ ಬ್ಯಾರೆ ಜಾಗ ಐತಿ, ಹಂಗಾಗಿ ಸಾಮಾನಿನ ಚಿತ್ರಾನೂ ಕಣ್ಮುಂದ ತಂದಕೊಳ್ರಿ. 10 ಅಂಕಿ ಫೋನ್ ನಂಬರ್ ಬಿಡಿಬಿಡಿ ಹಿಡೀಬ್ಯಾಡ್ರಿ, ಮೂರು, ಮೂರು, ನಾಕು ಮಾಡಿ ತುಂಡು ಮಾಡ್ರಿ. ಹತ್ತು ಹೋಗಿ ಮೂರು ಗುಂಪು ಆಗ್ತಾವ. ಸಾಮಾನು ಆರು ದಾಟಿದ್ರ? ಚೀಟಿ ಬರೀರಿ.